ಭಾಷ್ಯಂ ಐನೋರ ಮೀನಿನ ಪುಸ್ತಕ

ನಾನು ಭಾಷ್ಯಂ ಐನೋರನ್ನು ಮೊದಲ ಸಲ ನೋಡಿದ ದಿನ ಅವರು ಒಂದು ಮೀನಿಗೆ ಹೆದರಿ ನಿಂತಿದ್ದರು. ಐವತ್ತಮೂರನೇ ಇಸವಿ ಇರಬೇಕು, ಹಳೇಬೀಡಿನ ಕೆರೆ ತುಂಬಿ ಕೋಡಿ ಹರಿದ ವರ್ಷ. ನಮ್ಮ ಮನೆ ಕೆರೆ ಏರಿಯ ಕೆಳಗೆ. ನಾನು ಪಾತ್ರೆ ತೊಳೆಯಲು ಏರಿ ಹತ್ತಿ ಆ ಕಡೆ ಇಳಿದರೆ, ಹಣೆಗೆ ನಾಮ ಇಟ್ಟುಕೊಂಡು ಕರಿ ಕೋಟು ಹಾಕಿಕೊಂಡ ಒಬ್ಬರು ಪಂಚೆ ಎತ್ತಿ ಕಟ್ಟಿ, ಒಂದು ಬಿದಿರು ಕಡ್ಡಿಯನ್ನು ಮೈಯಿಂದ ಆದಷ್ಟು ದೂರ ಚಾಚಿ ಹಿಡಿದಿದ್ದರು. ದಾರದ ತುದಿಯ ಗಾಳದಲ್ಲಿ ಅಂಗೈ ಅಗಲದ ಗೆಂಡೆ ಮೀನೊಂದು ಒದ್ದಾಡುತ್ತಿತ್ತು. ಅದು ಅವರ ಕಡೆ ತೂಗಿದರೆ ಅವರು ಹಿಂದಕ್ಕೆ ಬಾಗುವರು. ಅದು ಆಚೆ ತೂಗಿದರೆ ನೆಟ್ಟಗಾಗುವರು. ಹೀಗೆ ಎಷ್ಟು ಹೊತ್ತಿನಿಂದ ನಡೆದಿತ್ತೋ ಗೊತ್ತಿಲ್ಲ, ಇಬ್ಬರಿಗೂ ಸುಸ್ತಾಗಿತ್ತು.

"ಅಮ್ಮಾ, ಇದನ್ನ ಏನು ಮಾಡೋದು?" ಎಂದರು.

"ಹಿಡಿದೋರು ನೀವು. ನನ್ನ ಕೇಳ್ತೀರಲ್ಲ ಸ್ವಾಮಿ."

"ನಾನು ಗಾಳ ಹಾಕಿದ್ದು ನಿಜ. ಆದರೆ ಹಿಡಿದದ್ದು ಅದು."

ನಾನು ಕೈಯಲ್ಲಿದ್ದ ಪಾತ್ರೆಗೆ ನೀರು ತುಂಬಿ, ಮೀನನ್ನು ಬಿಡಿಸಿ ಅದರೊಳಗೆ ಹಾಕಿದೆ. ಅವರು ಒಂದು ನಿಟ್ಟುಸಿರು ಬಿಟ್ಟು, ಕಡ್ಡಿಯನ್ನು ಕೆಳಗಿಟ್ಟು, ಕೋಟಿನ ಜೇಬಿನಿಂದ ಕೆಂಪು ಬಟ್ಟೆಯ ರಟ್ಟಿನ ಪುಸ್ತಕ ತೆಗೆದರು.

"ಇದರ ಹೆಸರು?"

"ಗೆಂಡೆ."

"ತೂಗೋಕೆ ಇಲ್ಲಿ ತಕ್ಕಡಿ ಇಲ್ಲ. ಉದ್ದ?"

ಕೈಯಗಲಿಸಿ ಅಳೆದೆ. "ಗೇಣಿಗೆ ಎರಡು ಬೆರಳು ಕಮ್ಮಿ."

ಬರೆದುಕೊಂಡರು. ಆಮೇಲೆ ಪೆನ್ನನ್ನು ಹಾಗೇ ಹಿಡಿದು ನನ್ನ ಮುಖ ನೋಡಿದರು. "ರುಚಿ?"

"ಇನ್ನೂ ಈಜ್ತಾ ಐತಲ್ಲ ಸ್ವಾಮಿ. ತಿನ್ನದೆ ಹೆಂಗ್ ಹೇಳಾನ?"

"ಅದೂ ಸರಿ. ನೀನು ಇಟ್ಟುಕೊ. ನಾಳೆ ಬಂದು ಕೇಳ್ತೀನಿ."

ಅವರು ಕೆರೆಯಲ್ಲಿ ಒಂದು ಮುಳುಗು ಹಾಕಿ, ಒದ್ದೆ ಬಟ್ಟೆಯಲ್ಲೇ ಹೊರಟುಹೋದರು. ಮನೆ ಮುಟ್ಟಿದ ಮೇಲೆ ಬಾವಿಯ ಹತ್ತಿರ ಇನ್ನೂ ಎರಡು ಕೊಡ ಸುರಿದುಕೊಂಡರಂತೆ.

ಅವರು ಊರಿಗೆ ಹೊಸದಾಗಿ ಬಂದ ಪೋಸ್ಟ್ ಮಾಸ್ಟರು ಎಂದು ಆಮೇಲೆ ತಿಳಿಯಿತು. ಅಯ್ಯಂಗಾರರು. ಬೇಲೂರಿನಲ್ಲಿ ತಲೆತಲಾಂತರದಿಂದ ದೇವಸ್ಥಾನದ ಕೆಲಸ ಮಾಡಿಕೊಂಡು ಬಂದ ಮನೆಯವರು. ಮನೆಯಲ್ಲಿ ಈರುಳ್ಳಿ ಕೂಡ ಒಳಗೆ ಬರುತ್ತಿರಲಿಲ್ಲ. ಅಂಥವರ ಕೈಗೆ ಗಾಳ ಹೇಗೆ ಬಂತು ಎಂದರೆ, ಅವರ ಹಿಂದೆ ಇದ್ದ ಕೃಷ್ಣಪ್ಪ ಎಂಬ ಪೋಸ್ಟ್ ಮಾಸ್ಟರು ಅರೇಹಳ್ಳಿ ಕಡೆಯ ತಮಾಷೆಯ ಮನುಷ್ಯ. ಮೀನು ಹಿಡಿಯುವುದೆಂದರೆ ಪ್ರಾಣ. ವರ್ಗವಾಗಿ ಹೋಗುವಾಗ ತಕ್ಕಡಿ, ಮುದ್ರೆ, ಅರಗು, ಲಾಟೀನು ಎಂದೆಲ್ಲ ವಹಿಸಿಕೊಡುವ ಸಾಮಾನಿನ ಪಟ್ಟಿ ಬರೆದು, ಕೊನೆಗೆ "ಗಾಳದ ಕಡ್ಡಿ ಒಂದು, ಮೀನಿನ ಪುಸ್ತಕ ಒಂದು" ಎಂದು ಸೇರಿಸಿಬಿಟ್ಟಿದ್ದರು. ಭಾಷ್ಯಂ ಐನೋರು ಲಾಟೀನಿನ ಗಾಜು ಒಡೆದಿದೆಯೇ ಎಂದು ನೋಡುವ ಗಡಿಬಿಡಿಯಲ್ಲಿ ಕೆಳಗೆ ಸಹಿ ಹಾಕಿದರು. ಬೇರೆ ಯಾರಾದರೂ ಆಗಿದ್ದರೆ ಕಡ್ಡಿಯನ್ನು ಒಲೆಗೆ ಹಾಕುತ್ತಿದ್ದರು. ಇವರಿಗೆ ಆಗಲಿಲ್ಲ.

"ಹಾಸನದ ದೊಡ್ಡ ಆಫೀಸಿಗೆ ಬರೆದು ಕೇಳಿದರೆ ನಗ್ತಾರೆ. ಕೇಳದೆ ಬಿಟ್ಟರೆ ನಾನು ವಹಿಸಿಕೊಂಡ ಪುಸ್ತಕ ನಿಂತುಹೋಗ್ತದೆ. ಸಹಿ ನನ್ನದೇ ಅಲ್ವೇನಮ್ಮ?" ಎಂದು ನನಗೆ ಹೇಳಿದರು.

ಹೀಗೆ ಅವರು ಪ್ರತಿ ಭಾನುವಾರ ಕೆರೆಗೆ ಬರತೊಡಗಿದರು. ಮೊದಲ ವರ್ಷ ಕರ್ತವ್ಯ ಎಂದು ಬಂದರು. ಎರಡನೇ ವರ್ಷದಿಂದ, ಕರ್ತವ್ಯ ಎಂದು ಹೆಂಡತಿಗೆ ಹೇಳಿ ಬಂದರು.

ಪುಸ್ತಕದ ಹಾಳೆಯಲ್ಲಿ ಕೃಷ್ಣಪ್ಪನವರು ಚೌಕಾಬಾರದ ಹಾಗೆ ಮನೆಗಳನ್ನು ಕೊರೆದಿದ್ದರು. ತಾರೀಖಿಗೆ ಒಂದು ಮನೆ, ಜಾಗಕ್ಕೆ ಒಂದು, ಎರೆಗೆ, ಅಂದರೆ ಗಾಳಕ್ಕೆ ಚುಚ್ಚುವ ತಿನಿಸಿಗೆ ಒಂದು, ಮೀನಿನ ಹೆಸರಿಗೆ ಒಂದು, ತೂಕಕ್ಕೆ ಒಂದು, ರುಚಿಗೆ ಒಂದು. ತೂಕದ ಮನೆಯೇ ಮೊದಲು ತೊಂದರೆ ಕೊಟ್ಟಿತು. ಅಂಗಡಿ ಷಡಕ್ಷರಪ್ಪನವರು, "ಆ ತಕ್ಕಡೀಲಿ ನಾನು ದೇವರ ಬೆಲ್ಲ ತೂಗ್ತೀನಿ ಸ್ವಾಮಿ, ನಿಮಗೆ ಮೀನು ತೂಗಿಕೊಟ್ಟು ಮಠದಲ್ಲಿ ಏನಂತ ಹೇಳ್ಲಿ?" ಎಂದರು. ನಮ್ಮ ಪಕ್ಕದ ಮನೆಯ ಲಕ್ಕಪ್ಪ, ಬಲೆ ಹಾಕುವವನು, "ಟಪ್ಪಾಲ್ ತಕ್ಕಡಿ ಐತಲ್ಲ ಬುದ್ಧಿ, ಅಂಟಿಸೋ ಸ್ಟಾಂಪ್ ಎಷ್ಟು ಅಂತಾನೂ ಗೊತ್ತಾಯ್ತದೆ" ಎಂದ. ಐನೋರು ಅವನನ್ನು ನೋಡಿದ ನೋಟಕ್ಕೆ ಅವನು ಬಲೆ ತೆಗೆದುಕೊಂಡು ಎದ್ದುಹೋದ. ಸರ್ಕಾರದ ತಕ್ಕಡಿಯ ಹೆಸರನ್ನು ಅವರೆದುರಿಗೆ ಅವನು ಮತ್ತೆ ಎತ್ತಲಿಲ್ಲ. ಕೊನೆಗೆ ಅವರು ತೂಕ ಎಂಬುದನ್ನು ಹೊಡೆದುಹಾಕಿ ಅದರ ಮೇಲೆ "ಉದ್ದ, ಕೆಂಚಮ್ಮನ ಗೇಣಿನಲ್ಲಿ" ಎಂದು ಬರೆದರು. ಅಕ್ಷರ ಕೂಡಿಸಿ ಓದಿ ನೋಡಿದೆ. ನನ್ನ ಹೆಸರು ಅಚ್ಚುಕಟ್ಟಾಗಿ ಕೂತಿತ್ತು.

ರುಚಿಯದೇ ದೊಡ್ಡ ಕಥೆ. ಮಾರನೆಯ ದಿನ ಅವರು ಹೇಳಿದ ಹಾಗೆ ನಮ್ಮ ಮನೆಯ ಮುಂದೆ ಬಂದು, ಅಂಗಳದ ಕಲ್ಲಿನ ಮೇಲೆ ಕೂತು, ಪುಸ್ತಕ ಬಿಚ್ಚಿದರು.

"ಹೇಗಿತ್ತು?"

"ಚೆನ್ನಾಗಿತ್ತು."

ಬರೆಯಲು ಹೋದವರು ನಿಲ್ಲಿಸಿದರು. "ಕೆಂಚಮ್ಮ, ಮದುವೆ ಊಟ ಹೇಗಿತ್ತು ಅಂದರೂ ಚೆನ್ನಾಗಿತ್ತು ಅಂತಾರೆ. ಮಗು ಹೇಗಿದೆ ಅಂದರೂ ಚೆನ್ನಾಗಿದೆ ಅಂತಾರೆ. ಈ ಮೀನು ಹೇಗಿತ್ತು?"

"ಮೀನ್ ಇದ್ದಂಗಿತ್ತು."

"ನಾನು ಮೀನು ತಿಂದವನಲ್ಲವಲ್ಲಮ್ಮ. ನನಗೆ ಗೊತ್ತಿರೋ ಯಾವುದರ ಹಾಗಿತ್ತು?"

ನಾನು ಯೋಚಿಸಿದೆ. ಅವರಿಗೆ ಗೊತ್ತಿರುವುದು ನನಗೆ ಗೊತ್ತಿರಬೇಕಲ್ಲ. ಅವರ ಮನೆಯ ಅಡಿಗೆ ನಾನು ಯಾವತ್ತು ತಿಂದಿದ್ದೆ? ಹಾಗೆಂದೇ ಹೇಳಿದೆ. ಅವರು ತಲೆಯಾಡಿಸಿಕೊಂಡು ಹೋದರು. ಮುಂದಿನ ಭಾನುವಾರ ಒಂದು ಕೈಯಲ್ಲಿ ಕಡ್ಡಿ, ಇನ್ನೊಂದು ಕೈಯಲ್ಲಿ ಬಾಳೆ ಎಲೆಯ ಪೊಟ್ಟಣ. ಎಳೆ ಹಲಸಿನಕಾಯಿ ಪಲ್ಯ. ಅದರ ಮುಂದಿನ ವಾರ ಸುವರ್ಣಗಡ್ಡೆ. ಆಮೇಲೆ ಬಾಳೆಹೂವು, ಕೆಸುವಿನ ದಂಟು, ನುಗ್ಗೆಕಾಯಿ, ಪುಳಿಯೋಗರೆ, ಪೊಂಗಲು. ನಾನು ಒಂದೊಂದನ್ನೂ ಬಾಯಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡು ನೆನಪಿಟ್ಟುಕೊಂಡೆ. ಆಮೇಲೆ ನಮ್ಮಿಬ್ಬರಿಗೂ ಮಾತು ಸುಲಭವಾಯಿತು.

"ಗೆಂಡೆ: ಎಳೆ ಹಲಸಿನಕಾಯಿ ಇದ್ದಂತೆ, ಆದರೆ ನಾರು ಹಲ್ಲಿಗೆ ಸಿಕ್ಕದು, ಕರಗುವುದು. ಮುಳ್ಳು ಬಹಳ." "ಕೊರವ: ಸುವರ್ಣಗಡ್ಡೆಯ ಬಿಗಿ. ನಾಲಿಗೆ ತುರಿಸದು." "ಹಾವುಮೀನು: ಕೆಸುವಿನ ದಂಟಿಗೆ ಬೆಣ್ಣೆ ಸವರಿದಂತೆ." ನಾನು ಹೇಳಿದ್ದನ್ನು ಅವರು ಹೀಗೆ ಸಣ್ಣ ಮಾಡಿ ಬರೆದುಕೊಂಡು, ಗಟ್ಟಿಯಾಗಿ ಓದಿ, "ಸರಿಯಾ?" ಎಂದು ಕೇಳುವರು. ಸರಿ ಎಂದರೆ ಮಾತ್ರ ಪುಸ್ತಕ ಮುಚ್ಚುವರು. ಒಂದು ಸಲ ಹಲಸಿನಕಾಯಿ ಎಂದದ್ದು ನನಗೇ ಅನುಮಾನವಾಗಿ, ಸಾರು ಇನ್ನೊಂದು ಸಲ ಉಂಡು ಹೇಳುತ್ತೇನೆ ಎಂದು ಅವರನ್ನು ಕಾಯಿಸಿದ್ದೆ. ಕಾದರು.

ಅವರ ಹೆಂಡತಿ ಕನಕಲಕ್ಷ್ಮಮ್ಮನವರು ಮೊದಮೊದಲು ಆ ಕಡ್ಡಿಯನ್ನು ಮನೆಯ ನೆರಳಿಗೂ ಸೇರಿಸಲಿಲ್ಲ. ಅದು ದನದ ಕೊಟ್ಟಿಗೆಯಲ್ಲಿ ಇರುತ್ತಿತ್ತು. ಆದರೆ ತಮ್ಮ ಪಲ್ಯವನ್ನು ಏರಿ ಕೆಳಗೆ ಯಾರೋ ಇಷ್ಟು ಗಮನವಿಟ್ಟು ತಿನ್ನುತ್ತಾರೆ ಎಂದು ಗೊತ್ತಾದ ಮೇಲೆ ಮೆತ್ತಗಾದರು. ಪೊಟ್ಟಣದ ಜೊತೆಗೆ ಗಂಡನ ಕೈಲಿ ಮಾತೂ ಬರತೊಡಗಿತು.

"ನೀನು ಮೀನಿನ ಸಾರಿಗೆ ಹುಣಸೆಹಣ್ಣು ಎಷ್ಟು ಹಾಕ್ತೀಯ ಅಂತ ಕೇಳಿದ್ದಾಳೆ," ಎಂದರು ಐನೋರು ಒಂದು ದಿನ.

ನಾನು ಕೈಯಲ್ಲಿ ಉಂಡೆ ಮಾಡಿ ತೋರಿಸಿದೆ. ಮುಂದಿನ ವಾರ ಉತ್ತರ ಬಂತು: "ಜಾಸ್ತಿ ಆಯ್ತಂತೆ." ಹುಟ್ಟಿದಾರಭ್ಯ ಮೀನಿನ ವಾಸನೆ ನೋಡದವರು ಹೇಳುತ್ತಾರಲ್ಲ ಎಂದು ನಗು ಬಂತು. ಆದರೂ ಮಾರನೆ ದಿನ ಅರ್ಧ ಉಂಡೆ ಹಾಕಿ ನೋಡಿದೆ. ಅವರು ಹೇಳಿದ್ದೇ ಸರಿ ಇತ್ತು. ಇವತ್ತಿಗೂ ಅರ್ಧ ಉಂಡೆಯೇ ಹಾಕುವುದು.

ಪುಸ್ತಕ ಊರಿಗೆಲ್ಲ ಗೊತ್ತಿತ್ತು. ಪೋಸ್ಟ್ ಆಫೀಸಿಗೆ ಕಾರ್ಡು ತರಲು ಹೋದವರು, "ಸ್ವಾಮಿ, ಹೋದ್ ವರ್ಷ ಕೊರವ ಬಂದದ್ದು ಮಖೆ ಮಳೇಲೋ ಹುಬ್ಬೆ ಮಳೇಲೋ?" ಎಂದು ಕೇಳಿಕೊಂಡು ಬರುವರು. ಲಕ್ಕಪ್ಪ ಮಾತ್ರ ಕೀಟಲೆ ಬಿಡಲಿಲ್ಲ.

"ಒಂದೇ ಒಂದ್ಸಲ ತಿಂದ್ಬುಡಿ ಬುದ್ಧಿ. ಈ ಹಲಸಿನಕಾಯಿ, ಗೆಡ್ಡೆ, ಗೆಣಸು ಎಲ್ಲಾ ತಪ್ತದೆ."

"ನಾನು ಪುಸ್ತಕ ಬರೆಯೋನಯ್ಯ ಲಕ್ಕಪ್ಪ, ಸಾಕ್ಷಿ ಅಲ್ಲ. ಬರೆಯೋನೇ ತಿಂದುಬಿಟ್ಟರೆ ಹೇಳೋದು ಯಾರು?"

"ಹೇಳೋದ್ಯಾಕೆ ಅಂತೀನಿ. ತಿಂದು ಸುಮ್ನೆ ಕುಂತ್ಕಂಡ್ರೆ ಆಯ್ತು."

"ಅದಕ್ಕೇ ನಿನ್ನ ಕೈಲಿ ಪುಸ್ತಕ ಇಲ್ಲ."

ಇಷ್ಟೆಲ್ಲ ಇದ್ದರೂ ಆ ಪುಸ್ತಕದಲ್ಲಿ ಐನೋರ ನಿದ್ದೆ ಕೆಡಿಸುವ ಒಂದು ಸಾಲು ಇತ್ತು. ಅದು ಕೃಷ್ಣಪ್ಪನವರ ಕೈಬರಹದ ಕೊನೆಯ ಸಾಲು. ತಾರೀಖು ಇತ್ತು. ಜಾಗ, ತೂಬಿನ ಹತ್ತಿರ. ಎರೆ, ಕಪ್ಪೆ. ಹೆಸರು, ಬಾಳೆಮೀನು. ಅದರ ಮುಂದಿನ ಎರಡು ಮನೆ ಖಾಲಿ. ಮೀನು ದಾರ ಕಿತ್ತುಕೊಂಡು ಗಾಳದ ಸಮೇತ ಹೋಗಿತ್ತು. ತೂಬಿನ ಬಾಳೆಯನ್ನು ಏರಿ ಕೆಳಗಿನವರು ಎಲ್ಲರೂ ಒಂದಲ್ಲ ಒಂದು ಸಲ ನೋಡಿದ್ದೆವು. ಬಟ್ಟೆ ಒಗೆಯುವಾಗ ಬೆನ್ನು ತೋರಿಸಿ ಮುಳುಗುವುದು. ಲಕ್ಕಪ್ಪನ ಬಲೆಯನ್ನು ಹರಿದಿತ್ತು, ಅವನಪ್ಪನ ಬಲೆಯನ್ನೂ ಹರಿದಿತ್ತು ಎಂದು ಅವನೇ ಹೇಳುತ್ತಿದ್ದ.

"ಕೃಷ್ಣಪ್ಪ ಅರ್ಧ ಬಿಟ್ಟ ಸಾಲನ್ನ ನಾನು ವಹಿಸಿಕೊಂಡೆ," ಎನ್ನುತ್ತಿದ್ದರು ಐನೋರು. "ಇನ್ನೊಬ್ಬನಿಗೆ ವಹಿಸೋವಾಗ ಅದು ಪೂರ್ತಿ ಇರಬೇಕು. ಎರಡು ಮನೆ ಖಾಲಿ ಇಟ್ಟು ನಾನು ಈ ಊರು ಬಿಟ್ಟು ಹೋದರೆ ಸಹಿ ಹಾಕಿದ್ದಕ್ಕೆ ಏನು ಬೆಲೆ ಬಂತು?"

ಆದರೆ ಬಾಳೆಮೀನು ಮಾಂಸ ತಿನ್ನುವ ಮೀನು. ಐನೋರು ಕಪ್ಪೆ, ಎರೆಹುಳು ಮುಟ್ಟುವವರಲ್ಲ. ಅವರ ಗಾಳಕ್ಕೆ ನಮ್ಮ ಮನೆಯ ರಾಗಿಮುದ್ದೆಯೇ ಎರೆ. ಮುದ್ದೆಗೆ ಗೆಂಡೆ ಬರುವುದು, ಬಾಳೆ ತಿರುಗಿಯೂ ನೋಡದು. "ಅದುನ್ನ ಶ್ರೀವೈಷ್ಣವ ಮಾಡೋವರೆಗೂ ಕಾಯ್ತಾರೆ ಕಣ್ರೋ," ಎಂದು ಲಕ್ಕಪ್ಪ ಏರಿಯ ಮೇಲೆ ಹೋಗಿಬರುವವರಿಗೆಲ್ಲ ಹೇಳುತ್ತಿದ್ದ.

ಹೀಗೇ ಏಳು ವರ್ಷ ಹೋಯಿತು. ಅರವತ್ತನೇ ಇಸವಿಯ ಮಳೆಗಾಲದ ಕೊನೆಗೆ ಐನೋರಿಗೆ ವಿಷಮಜ್ವರ ಬಂತು. ಬೇಲೂರಿನಿಂದ ಡಾಕ್ಟರು ಬಂದು ಹೋದರು. ಕನಕಲಕ್ಷ್ಮಮ್ಮನವರ ಮುಖ ನೋಡಲಾಗುತ್ತಿರಲಿಲ್ಲ. ಮಹಾಲಯ ಅಮಾವಾಸ್ಯೆಯ ದಿನ ನಾನು ದೀಪ ಹಚ್ಚಿ ಮನೆದೇವರಿಗೆ ಹರಕೆ ಹೊತ್ತೆ. ಐನೋರು ಎದ್ದು ಕೂತರೆ ಮುಂದಿನ ಮಹಾಲಯ ಅಮಾವಾಸ್ಯೆಯವರೆಗೆ ಮೀನು ಬಾಯಿಗಿಡುವುದಿಲ್ಲ ಎಂದು. ಹರಕೆ ಎಂದರೆ ನಮಗೆ ಇಷ್ಟವಾದದ್ದನ್ನೇ ಬಿಡಬೇಕು, ಯಾರಿಗಾಗಿ ಹೊತ್ತೆವೋ ಅವರಿಗೆ ಹೇಳಬಾರದು. ಇದು ನಮ್ಮಲ್ಲಿ ನಡೆದುಬಂದದ್ದು. ನಾನು ಹೇಳಲಿಲ್ಲ, ಪಕ್ಕದ ಮನೆಯವರಿಗೆ ಮಾತ್ರ ಗೊತ್ತಿತ್ತು. ದೀಪಾವಳಿ ಹೊತ್ತಿಗೆ ಅವರು ಎದ್ದು ಕೂತು ಗಂಜಿಗೆ ಉಪ್ಪು ಕಮ್ಮಿ ಎಂದರಂತೆ. ದೇವರು ತನ್ನ ಪಾಲಿನದನ್ನು ಮಾಡಿಯಾಗಿತ್ತು. ನಾನು ನನ್ನ ಪಾಲಿನದನ್ನು ಮಾಡುತ್ತ ಇದ್ದೆ.

ಕಾಲಿನಲ್ಲಿ ಶಕ್ತಿ ಬರುವವರೆಗೆ ಅವರು ಕೆರೆಗೆ ಬರಲಿಲ್ಲ. ಹಾಗಾಗಿ ರುಚಿ ಕೇಳುವ ಪ್ರಸಂಗವೂ ಬರಲಿಲ್ಲ. ಶಿವರಾತ್ರಿ ಕಳೆದ ಮೇಲೆ ಒಂದು ಮಧ್ಯಾಹ್ನ ಕಡ್ಡಿ ಹಿಡಿದು ಬಂದರು. ಮುಖ ಸಣ್ಣದಾಗಿತ್ತು.

"ವರ್ಗದ ಆರ್ಡರ್ ಬಂದಿದೆ ಕೆಂಚಮ್ಮ. ಬಾಣಾವರಕ್ಕೆ. ಹತ್ತು ದಿನ ಉಳೀತು."

"ದೂರ ಏನಲ್ಲ ಬುಡಿ ಐನೋರೆ. ಜಾವಗಲ್ ಮೇಲೆ ಬಸ್ ಐತೆ."

"ಬಸ್ಸು ಇದೆ. ಆ ಸಾಲು ಇದೆಯಲ್ಲ."

ಅಂದಿನಿಂದ ದಿನಾ ಬಂದರು, ತೂಬಿನ ಹತ್ತಿರವೇ ಕೂತರು. ಕೆರೆಯ ನೀರು ಬೇಸಿಗೆಗೆ ಇಳಿದಿತ್ತು. ಹೊರಡಲು ಎರಡು ದಿನ ಇದೆ ಎನ್ನುವಾಗ ಒಂದು ಸಣ್ಣ ಗೆಂಡೆ ಮುದ್ದೆಯನ್ನು ಕಚ್ಚಿತು. ಐನೋರು ಬೇಸರದಿಂದಲೇ ಎತ್ತಲು ಹೋದರು. ಕಡ್ಡಿ ಮೇಲೆ ಬರಲಿಲ್ಲ. ಬಿಲ್ಲಿನ ಹಾಗೆ ಬಾಗಿತು. ಆಮೇಲೆ ಐನೋರು ಕೋಟಿನ ಸಮೇತ ನೀರಿನೊಳಕ್ಕೆ ನಡೆದುಕೊಂಡು ಹೋದರು. ನಡೆದುಕೊಂಡು ಎಂದು ಅವರು ಆಮೇಲೆ ಹೇಳಿದ್ದು. ನಾನು ನೋಡಿದ ಹಾಗೆ ಮೀನು ಎಳೆದುಕೊಂಡು ಹೋಯಿತು.

ನಾನು ಪಾತ್ರೆ ಬಿಟ್ಟು ಓಡಿ ಕೋಟಿನ ಹಿಂಭಾಗ ಹಿಡಿದೆ.

"ಕೆಂಚಮ್ಮ, ನನ್ನ ಬಿಡು, ಕಡ್ಡಿ ಹಿಡಿ."

"ಕಡ್ಡಿ ಹೋದ್ರೆ ಇನ್ನೊಂದು ಕಡ್ಡಿ ಸಿಕ್ತದೆ ಐನೋರೆ."

"ಅದು ಪಟ್ಟಿಯಲ್ಲಿರೋ ಕಡ್ಡಿ."

ಅಷ್ಟರಲ್ಲಿ ಲಕ್ಕಪ್ಪ ದಡದಿಂದ ಬಲೆಯೊಂದಿಗೆ ಹಾರಿದ. ಮೂವರೂ ಒದ್ದೆಯಾಗಿ, ಕೆಸರಾಗಿ, ಒಬ್ಬರ ಮೇಲೊಬ್ಬರು ಬಿದ್ದು ಎದ್ದು ದಡ ಸೇರಿದಾಗ ನಮ್ಮ ಜೊತೆಗೆ ತೂಬಿನ ಬಾಳೆಯೂ ಇತ್ತು. ಮುದ್ದೆಯನ್ನು ಗೆಂಡೆ ನುಂಗಿ, ಗೆಂಡೆಯನ್ನು ಬಾಳೆ ನುಂಗಿತ್ತು. ನಾನು ಕೈಯಗಲಿಸಿ ಅಳೆದೆ. ಐದು ಗೇಣು, ಮೇಲೆ ನಾಲ್ಕು ಬೆರಳು. ಬಾಯಿ ಬಿಡಿಸಿ ಗಾಳ ತೆಗೆಯುವಾಗ ದವಡೆಯ ಒಳಗೆ ಇನ್ನೊಂದು ಗಾಳ ಕೈಗೆ ಸಿಕ್ಕಿತು. ಹಿತ್ತಾಳೆ ತಂತಿ ಬಗ್ಗಿಸಿದ್ದು, ಹಸಿರು ಕಟ್ಟಿತ್ತು.

"ಕೃಷ್ಣಪ್ಪೋರ್ದು," ಎಂದ ಲಕ್ಕಪ್ಪ. "ನನ್ ಮುಂದೇನೇ ಕುಂತ್ಕಂಡು ಬಗ್ಗಿಸಿದ್ರು."

ಐನೋರು ಅದನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡರು. ಆಮೇಲೆ ನಾನು ನೋಡುತ್ತಿದ್ದ ಹಾಗೆ ಒಂದು ಬೆರಳು ಚಾಚಿ ಆ ಮೀನಿನ ಬೆನ್ನನ್ನು ಮುಟ್ಟಿದರು. ಇಷ್ಟು ವರ್ಷದಲ್ಲಿ ಅವರು ಮೀನು ಮುಟ್ಟಿದ್ದು ಅದೇ ಮೊದಲು. "ತಣ್ಣಗಿದೆ," ಎಂದರು. ಅಷ್ಟೇ.

ಪುಸ್ತಕದಲ್ಲಿ ಎರೆಯ ಮನೆಗೆ "ಕಪ್ಪೆ" ಎಂಬುದರ ಕೆಳಗೆ "ಮುದ್ದೆ, ಮುದ್ದೆಗೆ ಗೆಂಡೆ, ಗೆಂಡೆಗೆ ಬಾಳೆ" ಎಂದು ಸೇರಿಸಿದರು. ಉದ್ದದ ಮನೆ ತುಂಬಿತು. ಉಳಿದದ್ದು ಒಂದೇ ಮನೆ.

ಮೀನನ್ನು ಕೊಯ್ದು ಏರಿ ಕೆಳಗಿನ ಮನೆಗಳಿಗೆಲ್ಲ ಹಂಚಿದೆ. ಮಾರನೆಯ ಬೆಳಿಗ್ಗೆ ಐನೋರು ಮಡಿ ಪಂಚೆ ಉಟ್ಟು, ಪೆನ್ನಿಗೆ ಇಂಕು ತುಂಬಿಕೊಂಡು, ಮದುವೆಗೆ ಬಂದವರ ಹಾಗೆ ನಮ್ಮ ಅಂಗಳದ ಕಲ್ಲಿನ ಮೇಲೆ ಕೂತರು.

"ಹೇಳಮ್ಮ."

"ನಾನ್ ತಿನ್ನಲಿಲ್ಲ ಐನೋರೆ."

"ಯಾಕೆ? ಮೈ ಹುಷಾರಿಲ್ವೇ?"

"ಹುಷಾರಾಗಿವ್ನಿ."

"ಮತ್ತೆ?"

ನಾನು ಪೊರಕೆ ತೆಗೆದುಕೊಂಡು ಅಂಗಳ ಗುಡಿಸತೊಡಗಿದೆ. ಅವರು ಲಕ್ಕಪ್ಪನ ಮನೆಯ ಕಡೆ ತಿರುಗಿದರು. ಲಕ್ಕಪ್ಪ ಜಗಲಿಯ ಮೇಲೆ ಹಲ್ಲು ಚುಚ್ಚಿಕೊಳ್ಳುತ್ತ ಕೂತಿದ್ದ.

"ಹೇಗಿತ್ತಯ್ಯ?"

"ಚೆನ್ನಾಗಿತ್ತು ಬುದ್ಧಿ."

"ಹೇಗೆ ಚೆನ್ನಾಗಿತ್ತು?"

ಲಕ್ಕಪ್ಪ ಬಹಳ ಯೋಚಿಸಿದ. "ಭಾಳ ಚೆನ್ನಾಗಿತ್ತು."

ಅವನ ಹೆಂಡತಿ ಜಾನಕಮ್ಮ ಒಳಗಿನಿಂದ, "ಉಪ್ಪು ಒಸಿ ಕಮ್ಮಿಯಾಗಿತ್ತು," ಎಂದಳು. ಕೆರೆಯ ನೀರು ನೋಡಿಕೊಳ್ಳುವ ಕರಿಯಪ್ಪನನ್ನು ಕೇಳಿದರೆ, "ಹಸಿವಾಗಿತ್ತು ಸ್ವಾಮಿ, ರುಚಿ ನೋಡಕ್ಕೆ ಟೈಮೇ ಸಿಗಲಿಲ್ಲ," ಎಂದ. ಐನೋರು ಏರಿ ಕೆಳಗಿನ ಅಷ್ಟೂ ಮನೆ ಸುತ್ತಿದರು. ಪುಸ್ತಕ ಬಿಚ್ಚಿಕೊಂಡೇ ಸುತ್ತಿದರು. ಬರೆಯುವಂಥದ್ದು ಒಂದು ಮಾತೂ ಹುಟ್ಟಲಿಲ್ಲ.

ಆ ಸಂಜೆ ಮತ್ತೆ ಬಂದರು. ಊರು ಬಿಡುವ ಮುಂಚೆ ಮಾತಾಡಿಸಲು ಬಂದಿದ್ದ ಕನಕಲಕ್ಷ್ಮಮ್ಮನವರ ಕಿವಿಗೆ ಜಾನಕಮ್ಮ ಹರಕೆಯ ಸುದ್ದಿ ಹಾಕಿದ್ದಳು. ಅಲ್ಲಿಂದ ಇವರಿಗೆ ಮುಟ್ಟಿತ್ತು. ಕಲ್ಲಿನ ಮೇಲೆ ಕೂತು ಚಪ್ಪಲಿ ಕಳಚಿಟ್ಟರು.

"ಕೆಂಚಮ್ಮ, ಕುಂಬಳಕಾಯಿ ಬಿಟ್ಟಿದ್ದರೆ ಆಗ್ತಿರಲಿಲ್ವೇ?"

"ಕುಂಬಳಕಾಯಿ ನಂಗಿಷ್ಟ ಇಲ್ಲ ಐನೋರೆ. ಇಷ್ಟ ಇಲ್ದಿದ್ದನ್ನ ಬುಟ್ರೆ ದೇವ್ರು ನಗಾಕಿಲ್ವಾ?"

"ಹಲಸಿನಹಣ್ಣು?"

"ಅದು ಆಷಾಢಕ್ಕೆ ಮುಗೀತದೆ. ವರ್ಷ ಪೂರ್ತಿ ಬುಟ್ಟಂಗೆ ಎಲ್ಲಾಯ್ತು?"

"ಹಾಗಾದರೆ ಅರ್ಧ ವರ್ಷಕ್ಕೆ ಅಂತ ಹೊರಬೇಕಾಗಿತ್ತು."

"ಹಂಗ್ ಹೊತ್ತಿದ್ರೆ ನೀವೂ ಅರ್ಧಾನೇ ಹುಷಾರಾಗಿರೋರು."

ಅವರಿಗೆ ನಗು ಬಂತು. ನಗುತ್ತ ನಗುತ್ತ ಕನ್ನಡಕ ತೆಗೆದು ಒರೆಸಿಕೊಂಡರು. ಹಾಕಿಕೊಂಡು ಮತ್ತೆ ತೆಗೆದು ಒರೆಸಿಕೊಂಡರು. "ಆಯ್ತು. ನನಗೋಸ್ಕರ ಖಾಲಿ ಉಳಿದ ಮನೆ. ಇರಲಿ ಬಿಡು," ಎಂದರು. ಇರಲಿ ಎಂದ ದನಿ ಇರಲಿ ಎನ್ನುವ ಹಾಗಿರಲಿಲ್ಲ.

"ಬಾಲದ ಕಡೆ ಒಂದು ತುಂಡು ಉಪ್ಪು ಹಚ್ಚಿ ಮಡಗಿವ್ನಿ ಐನೋರೆ," ಎಂದೆ.

ಅವರು ತಲೆಯೆತ್ತಿದರು.

"ಒಣಗಿಸಿ ಹೊಗೇಲಿ ಕಟ್ಟಿದ್ರೆ ವರ್ಷ ಇರ್ತದೆ. ಅಮಾಸೆ ಕಳೀಲಿ. ತಿಂದ್ ಮೇಲೆ ನಾನೇ ಬಾಣಾವರಕ್ಕೆ ಬತ್ತೀನಿ."

ಹೊಸ ಪೋಸ್ಟ್ ಮಾಸ್ಟರಿಗೆ ಅವರು ಎಲ್ಲವನ್ನೂ ವಹಿಸಿಕೊಟ್ಟರು. ಗಾಳದ ಕಡ್ಡಿ ಒಂದು, ಗಾಳ ಎರಡು, ಅದರಲ್ಲಿ ಒಂದು ಮರಳಿ ದೊರೆತದ್ದು ಎಂದು ಬರೆದರಂತೆ. ಪಟ್ಟಿಯಲ್ಲಿ ಪುಸ್ತಕದ ಹೆಸರಿನ ಮುಂದೆ ಮಾತ್ರ "ಪೂರ್ತಿಯಾದ ಮೇಲೆ ಕಳಿಸಲಾಗುವುದು" ಎಂದಿತ್ತು. ಅದನ್ನು ಟ್ರಂಕಿನಲ್ಲಿ ಇಟ್ಟುಕೊಂಡು ಬಸ್ಸು ಹತ್ತಿದರು.

ಆ ತುಂಡನ್ನು ಕಾಯುವುದು ಕೂಸನ್ನು ಕಾಯುವುದಕ್ಕಿಂತ ಕಷ್ಟವಾಯಿತು. ಉಪ್ಪು, ಅರಿಸಿನ ಹಚ್ಚಿ ಮಾಡಿನ ಮೇಲೆ ಒಣಗಿಸಿದೆ, ಕಾಗೆಗೆ ಸಿಗದಂತೆ ಲಕ್ಕಪ್ಪನ ಹಳೆ ಬಲೆ ಮುಚ್ಚಿ. ಆಮೇಲೆ ಒಲೆಯ ಮೇಲಿನ ನೆಲುವಿಗೆ ಕಟ್ಟಿದೆ. ನಮ್ಮ ಮನೆಯ ಬೆಕ್ಕು ಇಲಿ ಹಿಡಿಯುವುದನ್ನು ಬಿಟ್ಟು ಒಲೆಯ ಮುಂದೆ ತಪಸ್ಸಿಗೆ ಕೂತಿತು. ಸೊಸೆ ಲಲಿತಮ್ಮನದೂ ಹೆಚ್ಚುಕಡಿಮೆ ಅದೇ ಪಾಡು. "ಅತ್ತೆ, ಅದಕ್ಕೆ ದಿನಾ ಹೊಗೆ ಹಾಕೋ ಬದ್ಲು ಒಂದ್ಸಲ ಸಾರ್ ಮಾಡಿ ಮುಗಿಸಾನ," ಎನ್ನುವಳು. ಆಷಾಢದ ತಂಡಿಗೆ ಬೂಸಲು ಬರುವ ಹಾಗಾದಾಗ ಇಳಿಸಿ ಒರೆಸಿ ಮತ್ತೆ ಕಟ್ಟಿದೆ. ಹರಕೆಯಲ್ಲಿ ಇದ್ದುಕೊಂಡು ದಿನಾ ಕಣ್ಣೆದುರಿಗೆ ಮೀನು ನೋಡುತ್ತ ಮುದ್ದೆಗೆ ಬರೀ ಉಪ್ಪುಸಾರು ಉಂಡೆ. ದೇವರು ಅದನ್ನೂ ಲೆಕ್ಕಕ್ಕೆ ತೆಗೆದುಕೊಂಡಿರಬೇಕು.

ಅಮಾವಾಸ್ಯೆ ಕಳೆದ ಮಾರನೆ ದಿನ ತುಂಡನ್ನು ನೀರಲ್ಲಿ ನೆನೆಹಾಕಿ, ಅರ್ಧ ಉಂಡೆ ಹುಣಸೆಹಣ್ಣು ಹಾಕಿ ಸಾರು ಮಾಡಿದೆ. ಯಾರೊಂದಿಗೂ ಮಾತಾಡದೆ ಉಂಡೆ. ಬೆರಳಿನ ಎರಡು ಗೆಣ್ಣಿನಷ್ಟು ಒಂದು ಚೂರನ್ನು ಸಾರಿಗೆ ಹಾಕದೆ, ಕೆಂಡದಲ್ಲಿ ಸುಟ್ಟು, ಬಾಳೆ ಎಲೆಯಲ್ಲಿ ಸುತ್ತಿ ಎಲೆಯಡಿಕೆ ಸಂಚಿಯಲ್ಲಿ ಇಟ್ಟುಕೊಂಡೆ. ನಿಜವಾಗಿ ಅದೇ ಮೀನೇ ಎಂದು ಅವರು ಕೇಳಿದರೆ ತೋರಿಸಲು ಇರಲಿ ಎಂದು. ಬೆಳಗಿನ ಬಸ್ಸಿಗೆ ಹೊರಟೆ.

ಬಾಣಾವರದಲ್ಲಿ ಅವರ ಮನೆ ಸ್ಟೇಷನ್ನಿನ ಹತ್ತಿರವೇ. ಐನೋರು ಜಗಲಿಯ ಮೇಲೆ ಹಾಸಿಗೆ ಹಾಕಿಸಿಕೊಂಡು ದಿಂಬಿಗೆ ಒರಗಿದ್ದರು. ಹೋದ ವರ್ಷದ ಜ್ವರ ಹೋಗುವಾಗ ಅವರ ಅರ್ಧ ಮೈಯನ್ನೂ ತೆಗೆದುಕೊಂಡು ಹೋಗಿತ್ತು, ಅದು ಮರಳಿ ಬಂದಿರಲಿಲ್ಲ. ರಜೆಯಲ್ಲಿದ್ದರು. ನನ್ನನ್ನು ನೋಡಿ, ಹೇಗಿದ್ದೀಯ ಎಂದು ಕೇಳುವುದಕ್ಕೂ ಮುಂಚೆ ದಿಂಬಿನ ಕೆಳಗಿನಿಂದ ಪುಸ್ತಕ ತೆಗೆದರು.

"ಮೊದಲು ಕಾಫಿ ಕುಡೀಲಿ ಬಿಡ್ರೀ," ಎಂದರು ಕನಕಲಕ್ಷ್ಮಮ್ಮನವರು. ಕಾಫಿ, ಅದರ ಹಿಂದೆ ಪುಳಿಯೋಗರೆ ಬಂತು. ಅವರಿಗೂ ಕೇಳುವ ಆಸೆ ಇತ್ತು, ಬಾಗಿಲ ಹತ್ತಿರ ಒಂದು ನಿಮಿಷ ನಿಂತರು. ಒಲೆಯ ಮೇಲೆ ಏನೋ ಉಕ್ಕುವ ಸದ್ದಾಗಿ ಒಳಗೆ ಹೋದರು.

"ಹೇಳು," ಎಂದರು ಐನೋರು. ಪೆನ್ನು ಆಗಲೇ ಪುಸ್ತಕದ ಖಾಲಿ ಮನೆಯ ಮೇಲಿತ್ತು.

"ಒಣಗಿದ್ ಮೀನು ಐನೋರೆ, ಹಸೀದಲ್ಲ. ಅದನ್ನ ಮೊದಲು ಬರ್ಕೊಳ್ಳಿ."

"ಅದೇ ನನಗೂ ಅನುಮಾನ. ಹಸಿಯದರ ರುಚಿ ಬೇರೆ ಅಲ್ವೇ?"

"ಒಣ ಗೆಂಡೆಗೂ ಹಸಿ ಗೆಂಡೆಗೂ ಎಷ್ಟು ದೂರ ಅಂತ ನಂಗೊತ್ತು. ಇದರಿಂದ ಅಷ್ಟು ದೂರ ಹಿಂದಕ್ಕೆ ಹೋದ್ರೆ ಹಸೀದು ಸಿಕ್ತದೆ. ಬಸ್ಸಿನಾಗೆ ಕುಂತು ಹೋಗಿ ನೋಡ್ದೆ."

ಅವರಿಗೆ ಈ ಲೆಕ್ಕ ಒಪ್ಪಿಗೆಯಾಯಿತು. "ಸರಿ. ಏನಿದ್ದ ಹಾಗಿತ್ತು? ಹಲಸಿನಕಾಯಿ?"

"ಅಲ್ಲ."

"ಸುವರ್ಣಗಡ್ಡೆ?"

"ಅದೂ ಅಲ್ಲ. ನಿಮ್ಮನೆಯಿಂದ ಬಂದದ್ದನ್ನೆಲ್ಲ ಒಂದೊಂದೇ ಪಕ್ಕದಾಗೆ ಇಟ್ಟು ನೋಡ್ದೆ ಐನೋರೆ. ಬಾಳೆಹೂವು ಇಟ್ಟೆ, ಕೆಸುವಿನ ದಂಟು ಇಟ್ಟೆ, ಪೊಂಗಲೂ ಇಟ್ಟೆ. ಜಾವಗಲ್ ದಾಟೋವರೆಗೂ ನೋಡ್ದೆ. ಯಾವುದಕ್ಕೂ ಹೋಲಲ್ಲ."

"ಯಾವುದಕ್ಕೂ?"

"ನಿಮಗೆ ಗೊತ್ತಿರೋ ಯಾವುದಕ್ಕೂ ಇಲ್ಲ. ಸುಳ್ಳು ಹೇಳಬೋದು. ಹಲಸಿನಕಾಯಿ ಅಂದ್ಬುಟ್ರೆ ಮನೆ ತುಂಬ್ತದೆ. ಇಷ್ಟು ವರ್ಷ ಹೇಳಿದ್ದೆಲ್ಲ ಕೆಟ್ಟೋಯ್ತದೆ."

ಅವರು ಪೆನ್ನನ್ನು ಎತ್ತಿ ಹಿಡಿದರು. ಅದರ ತುದಿಯಲ್ಲಿ ಇಂಕು ಗುಂಡಗೆ ನಿಂತಿತ್ತು. ಸ್ಟೇಷನ್ನಿನಲ್ಲಿ ಅರಸೀಕೆರೆ ಕಡೆ ಹೋಗುವ ಗಾಡಿ ಬಂದು, ನಿಂತು, ಹೊರಟಿತು. ಒಳಗೆ ಕನಕಲಕ್ಷ್ಮಮ್ಮನವರು ಒಗ್ಗರಣೆ ಹಾಕುತ್ತಿದ್ದರು, ಸಾಸಿವೆ ಸಿಡಿಯುವುದು ಕೇಳಿಸುತ್ತಿತ್ತು. ನಾನು ಏನು ಮಾಡಬೇಕೆಂದು ತೋಚದೆ ಎಲೆಯಡಿಕೆ ಸಂಚಿಯನ್ನು ಮಡಿಲಿನಿಂದ ತೆಗೆದು ಪಕ್ಕಕ್ಕೆ ಇಟ್ಟೆ. ಇಟ್ಟ ಮೇಲೆ ಹೊಗೆಯ ವಾಸನೆ ಸ್ವಲ್ಪ ಆಡಿತು.

ಆ ಕಾರ್ತಿಕದಲ್ಲಿ ಐನೋರು ತೀರಿಹೋದರು. ನಾನು ಅವರನ್ನು ನೋಡಿದ್ದು ಅದೇ ಕೊನೆ. ಹಾಗಾಗಿ ಅವರು ನನ್ನನ್ನು ಕೊನೆಯ ಸಲ ಕೇಳಿದ್ದು ಏನು ಎಂದು ಯಾರಾದರೂ ಕೇಳಿದರೆ ನನಗೆ ಯೋಚಿಸಬೇಕಾಗಿಲ್ಲ. ಆ ದಿನ ಅವರು ಸಂಚಿಯನ್ನು ನೋಡಿದರು. ಅಡಿಗೆಮನೆಯ ಬಾಗಿಲ ಕಡೆ ನೋಡಿದರು. ಪುಸ್ತಕವನ್ನು ಮುಚ್ಚದೆ ಹಾಗೇ ತೊಡೆಯ ಮೇಲೆ ಇಟ್ಟುಕೊಂಡು, ನನ್ನ ಕಡೆ ಬಾಗಿ, ಪಿಸುದನಿಯಲ್ಲಿ ಕೇಳಿದರು:

"ಒಂದು ಚೂರೇನಾದರೂ ಉಳಿದಿದೆಯೇನಮ್ಮ?"